ಎರಡು ಸಿರಿಂಜ್ ಕೆಂಪೆಣ್ಣೆ

ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಫಹ್ಮಿದಾ ಕಾರಿನ ಬಾನೆಟ್ ಎತ್ತುತ್ತಿದ್ದಳು. ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಉದ್ದನೆಯ ಕಡ್ಡಿಯನ್ನು ಎಳೆದು, ಹಳೆಯ ಬನಿಯನ್ನಿನಲ್ಲಿ ಒರೆಸಿ, ಮತ್ತೆ ಇಳಿಸಿ ಎಳೆದು, ಕನ್ನಡಕದ ಹತ್ತಿರ ಹಿಡಿದು ನೋಡುತ್ತಿದ್ದಳು. ಕೆಂಪೆಣ್ಣೆ ಮೇಲಿನ ಗೆರೆ ದಾಟಿದ್ದರೆ ಕಡ್ಡಿಯ ಕೊಳವೆಯೊಳಗೆ ತೆಳ್ಳನೆಯ ಪ್ಲಾಸ್ಟಿಕ್ ನಳಿಗೆ ಇಳಿಸಿ, ದೊಡ್ಡ ಸಿರಿಂಜಿನಲ್ಲಿ ಎಳೆದು ತೆಗೆಯುತ್ತಿದ್ದಳು. ಒಂದು ಭಾನುವಾರಕ್ಕೆ ಎರಡು ಸಿರಿಂಜ್, ಅದಕ್ಕಿಂತ ಹೆಚ್ಚಿಲ್ಲ. ಮೂವತ್ತಾರು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದವಳು. ಯಾವ ದೇಹದಿಂದಲೂ ನೀರನ್ನು ಒಮ್ಮೆಲೇ ತೆಗೆಯಬಾರದೆಂದು ಅವಳಿಗೆ ಗೊತ್ತಿತ್ತು.

ನಳಿಗೆ, ಸಿರಿಂಜು ಎರಡೂ ಗಂಡ ಅಸ್ಗರನಿಗೆಂದು ತಂದವು. ಲಕ್ವ ಹೊಡೆದು ಅವನು ಹನ್ನೊಂದು ತಿಂಗಳು ಮಲಗಿದ್ದ. ಗಂಜಿ, ಹಾಲು, ಅರೆದ ಮಾತ್ರೆ ಎಲ್ಲವೂ ಮೂಗಿನ ನಳಿಗೆಯಲ್ಲೇ ಇಳಿದವು. ಅವನು ಸತ್ತಾಗ ಒಂದು ಡಬ್ಬದ ತುಂಬ ಹೊಸ ನಳಿಗೆಗಳು ಉಳಿದಿದ್ದವು. ನೆನಪಿಗೆಂದು ಇಟ್ಟುಕೊಂಡದ್ದಲ್ಲ. ಕೆಲಸಕ್ಕೆ ಬರುವ ವಸ್ತುವನ್ನು ಅವಳು ಬಿಸಾಡುವವಳಲ್ಲ, ಅಷ್ಟೆ.

ತೆಗೆದ ಎಣ್ಣೆಯನ್ನು ಮೋರಿಗೆ ಸುರಿಯುವಂತಿಲ್ಲ. ಶರಬತ್ತಿನ ಖಾಲಿ ಬಾಟಲಿಗೆ ತುಂಬಿಸಿ ಬಚ್ಚಲುಮನೆಯ ಅಟ್ಟದ ಮೇಲಿಡುತ್ತಿದ್ದಳು. ಹೊಸಬರು ನೋಡಿದರೆ ರಂಜಾನಿಗೆ ಕೆಂಪು ಶರಬತ್ತು ಕೂಡಿಟ್ಟಿದ್ದಾಳೆ ಎಂದುಕೊಳ್ಳಬೇಕು. ಹೊಸಬರು ಯಾರೂ ಬರುತ್ತಿರಲಿಲ್ಲ.

ಕಾರು ಐವತ್ತು ವರ್ಷ ದಾಟಿದ್ದು, ಬೂದು ಬಣ್ಣದ ವಿಲಾಯಿತಿ ಗಾಡಿ. ನಂಬರು ಎಂವೈಎಫ್‌ನಿಂದ ಶುರುವಾಗುತ್ತಿದ್ದರಿಂದ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದರ ಹೆಸರೇ ಎಂವೈಎಫ್. ಕುಕ್ ಟೌನಿನ ಒಬ್ಬ ಡಾಕ್ಟರದು. ಅವರ ಹತ್ತಿರ ಅಸ್ಗರ್ ಇಪ್ಪತ್ತಾರು ವರ್ಷ ಡ್ರೈವರಾಗಿದ್ದ. ಡಾಕ್ಟರು ಸಾಯುವ ಮುಂಚೆ ಕಾರನ್ನು ಅಸ್ಗರನ ಹೆಸರಿಗೆ ಮಾಡಿಸಿದರು. ಆ ಕಾಲಕ್ಕೆ ಅಪರೂಪವಾಗಿದ್ದ ಆಟೋಮ್ಯಾಟಿಕ್ ಗಾಡಿ. ಕ್ಲಚ್ ಇಲ್ಲ, ಸ್ಟೀರಿಂಗಿನ ಪಕ್ಕದ ಕೋಲನ್ನು 'ಡಿ' ಅಕ್ಷರಕ್ಕೆ ಎಳೆದು ಬಲಗಾಲು ಒತ್ತಿದರೆ ಹೊರಟುಬಿಡುತ್ತದೆ. ಫಹ್ಮಿದಾ ಐವತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತದ್ದು ಇದರಲ್ಲೇ. ಎಡಗಾಲಿನಲ್ಲಿ ಬ್ರೇಕು ತುಳಿಯುತ್ತಾಳೆಂದು ಅಸ್ಗರ್ ಮೊದಲ ವಾರ ಆ ಕಾಲನ್ನು ಅವಳದೇ ದುಪಟ್ಟಾದಲ್ಲಿ ಸೀಟಿನ ಕಾಲಿಗೆ ಕಟ್ಟಿದ್ದ.

ಈಗ ಅವಳಿಗೆ ಅರವತ್ತನಾಲ್ಕು. ಮಕ್ಕಳಿಲ್ಲ. ವಾರದ ಆರು ದಿನ ಕಾರು ಪೋರ್ಟಿಕೋದಲ್ಲೇ ನಿಂತಿರುತ್ತಿತ್ತು. ಭಾನುವಾರ ಹತ್ತಕ್ಕೆ ಮಾತ್ರ ಅದು ಹಲಸೂರು, ಇಂದಿರಾನಗರ ದಾಟಿ, ಹಳೇ ಮದ್ರಾಸ್ ರಸ್ತೆ ಹಿಡಿದು, ಕೆ.ಆರ್. ಪುರದ ಆಚೆಯ ಖಬರಸ್ತಾನಕ್ಕೆ ಹೋಗಬೇಕಿತ್ತು. ಅಸ್ಗರನ ಅಪ್ಪ, ಅಣ್ಣಂದಿರು ಮಲಗಿದ್ದದ್ದು ಅಲ್ಲೇ ಆದ್ದರಿಂದ ಅವನನ್ನೂ ಅಲ್ಲೇ ಮಣ್ಣು ಮಾಡಿದ್ದರು. ಅಲ್ಲಿ ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲ. ಮೊದಲೆರಡು ವಾರ ಅವಳು ಆಟೋದಲ್ಲಿ ಹೋಗಿ ಗೋಡೆಯ ಹೊರಗೆ ನಿಂತಳು. ಎದುರಿನ ಚಹಾದಂಗಡಿಯವರು ದಿಟ್ಟಿಸಿದರು. ಒಬ್ಬ ಕುರ್ಚಿ ತಂದಿಟ್ಟ. ಇನ್ನೊಬ್ಬ ಯಾರ ಮನೆಯವರು, ಯಾಕೆ ನಿಂತಿದ್ದೀರಿ ಎಂದು ಕೇಳಿದ. ಕಾಯಲು ಆಗುವುದಿಲ್ಲವೆಂದು ಆಟೋದವನು ಗೊಣಗಿದ. ಮೂರನೇ ವಾರ ಅವಳು ಕಾರು ತಂದು ಗೋಡೆಗೆ ಒತ್ತಿ ನಿಲ್ಲಿಸಿ ಒಳಗೇ ಕೂತಳು. ಯಾರೂ ಏನೂ ಕೇಳಲಿಲ್ಲ. ಕಾರಿನಲ್ಲಿ ಕೂತವರು ಯಾರಿಗೋ ಕಾಯುತ್ತಿದ್ದಾರೆಂದು ಜನ ತಾವೇ ತಿಳಿದುಕೊಳ್ಳುತ್ತಾರೆ. ಗೋಡೆಯಲ್ಲಿ ನಾಲ್ಕು ಇಟ್ಟಿಗೆ ಬಿದ್ದ ಕಿಂಡಿಯೊಂದಿತ್ತು. ಅದರಲ್ಲಿ ಬೇವಿನ ಮರದ ಬುಡ ಕಾಣುತ್ತಿತ್ತು, ಬುಡದ ಎಡಕ್ಕೆ ಅಸ್ಗರ್. ಒಂದು ಗಂಟೆ ಕೂತು ಅವಳು ಮನೆಗೆ ಬರುತ್ತಿದ್ದಳು. ವಾರದಲ್ಲಿ ಆ ಒಂದು ಗಂಟೆ ಅವಳು ಯಾರ ಹತ್ತಿರವೋ ಇರುತ್ತಿದ್ದಳು.

ಆದರೆ ಕಾರು ಮೂರು ತಿಂಗಳಿಗೊಮ್ಮೆ ಕೈಕೊಡುತ್ತಿತ್ತು. ಕೆ.ಆರ್. ಪುರದ ತೂಗುಸೇತುವೆ ಹತ್ತುವಾಗಲೋ ಟಿನ್ ಫ್ಯಾಕ್ಟರಿ ಸರ್ಕಲ್ಲಿನ ನೂಕುನುಗ್ಗಲಿನಲ್ಲೋ ಎಂಜಿನ್ನು ಅರಚಿಕೊಳ್ಳುವುದು, ಗಾಡಿ ಮಾತ್ರ ಮುಂದಕ್ಕೆ ಹೋಗದು. ಹಿಂದಿನವರು ಹಾರ್ನ್ ಮೇಲೆ ಕೈಯಿಟ್ಟರೆ ತೆಗೆಯುವುದಿಲ್ಲ. ಆಗ ಅವಳು ಫೋನ್ ಮಾಡುವುದು ರಾಮಾಂಜಿನಪ್ಪನಿಗೆ. ಹಲಸೂರಿನಲ್ಲಿ ಅವನದೊಂದು ತಗಡಿನ ಶೆಡ್ಡು. ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಕೈ ಹಾಕುವವರು ಆ ಕಡೆ ಅವನೊಬ್ಬನೇ. ಸ್ಕೂಟರಿನಲ್ಲಿ ಎಣ್ಣೆಯ ಡಬ್ಬ ಇಟ್ಟುಕೊಂಡು ಬಂದು, ಎಂಜಿನ್ ಓಡುತ್ತಿರುವಾಗಲೇ ಬಾನೆಟ್ಟಿನೊಳಗೆ ತಲೆ ತೂರಿಸಿ, ಅವಳಿಗೆ ಬೆನ್ನು ತೋರಿಸಿಕೊಂಡು ಏನೋ ಸುರಿಯುತ್ತಿದ್ದ.

"ಕುಡಿಯುತ್ತೆ ಸಿಸ್ಟರಮ್ಮ," ಎನ್ನುತ್ತಿದ್ದ. "ಕುಡಿದಿದ್ದನ್ನ ಎಲ್ಲಿ ಇಟ್ಕೊಳ್ಳುತ್ತೋ ಗೊತ್ತಾಗ್ತಿಲ್ಲ. ಕೆಳಗಡೆ ಒಂದು ಹನಿ ಬಿದ್ದಿಲ್ಲ. ಹೊಗೇನೂ ಇಲ್ಲ. ನಮ್ಮ ಭಾವಮೈದುನ ಇದ್ದಂಗೆ."

ಫಹ್ಮಿದಾ ಏನೂ ಹೇಳುತ್ತಿರಲಿಲ್ಲ. ಮೆಕ್ಯಾನಿಕ್ಕುಗಳ ಕೈ ಭಾರ, ಯಾವಾಗಲೂ ಒಂದು ಲೋಟ ಜಾಸ್ತಿಯೇ ಸುರಿಯುತ್ತಾರೆ, ಎಣ್ಣೆ ಗೆರೆ ದಾಟಿದರೆ ಸೀಲು ಒಡೆಯುತ್ತದೆ ಎಂದು ಅಸ್ಗರ್ ಬೈಯುತ್ತಿದ್ದುದು ಅವಳಿಗೆ ನೆನಪಿತ್ತು. ಮುಂದಿನ ಭಾನುವಾರ ನೋಡಿದರೆ ನಿಜವಾಗಿಯೂ ಗೆರೆಯ ಮೇಲೆ ಒಂದು ಬೆರಳು ಎಣ್ಣೆ. ಡಾಕ್ಟರು ಅವಸರದಲ್ಲಿ ಬರೆದ ಡೋಸನ್ನು ಹಳೆಯ ನರ್ಸು ಯಾರಿಗೂ ಹೇಳದೆ ಸರಿ ಮಾಡುವುದಿಲ್ಲವೇ, ಹಾಗೆ ಅವಳು ವಾರಕ್ಕೆ ಎರಡೆರಡು ಸಿರಿಂಜಿನಂತೆ ಅದನ್ನು ಸರಿ ಮಾಡಿಕೊಳ್ಳುತ್ತಿದ್ದಳು. ಅವನಿಗೆ ಹೇಳಿ ಮುಖ ಕೆಡಿಸುವುದು ಯಾಕೆ?

ನಾಲ್ಕು ವರ್ಷ ಹೀಗೇ ನಡೆಯಿತು. ಕಳೆದ ಜುಲೈನಲ್ಲಿ ಎಂವೈಎಫ್ ತೂಗುಸೇತುವೆಯ ಬುಡದಲ್ಲಿ ನಿಂತದ್ದು ಎಣ್ಣೆ ಸುರಿದರೂ ಮೇಲೇಳಲಿಲ್ಲ. ಶೆಡ್ಡಿಗೆ ಎಳೆಸಿಕೊಂಡು ಹೋದ ರಾಮಾಂಜಿನಪ್ಪ ಮೂರನೇ ದಿನ ಅವಳನ್ನು ಕರೆಸಿದ. ಬೆಂಚಿನ ಮೇಲೆ ಹಾಸಿದ ಪೇಪರಿನಲ್ಲಿ ಗೇರ್‌ಬಾಕ್ಸಿನ ಒಳಗಿನ ಬಿಲ್ಲೆಗಳಿದ್ದವು, ತಳ ಹಿಡಿದ ದೋಸೆಯಂತೆ ಕರ್ರಗೆ.

"ಸುಟ್ಟು ಹೋಗಿದೆ. ಇದಕ್ಕೆ ಸಾಮಾನು ಸಿಗಲ್ಲ. ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಈ ದರಿದ್ರಾನ ತೆಗೆದಾಕಿ ಕ್ಲಚ್ಚಿನ ಗೇರ್‌ಬಾಕ್ಸ್ ಕೂರಿಸ್ಬಿಡೋಣ. ಆಮೇಲೆ ನೀವು ನನ್ನ ಮುಖಾನೇ ನೋಡ್ಬೇಕಾಗಿಲ್ಲ."

"ನನಗೆ ಕ್ಲಚ್ ಬರಲ್ಲ ರಾಮಾಂಜಿನಪ್ಪ."

"ಎಷ್ಟೋ ಜನಕ್ಕೆ ಸೂಜಿ ಚುಚ್ಚಿದ ಕೈ ನಿಮ್ದು. ಕ್ಲಚ್ಚೇನು ಮಹಾ? ಬನ್ನಿ, ಇದರಲ್ಲಿ ಕೂತ್ಕೊಳ್ಳಿ."

ಶೆಡ್ಡಿನಲ್ಲಿ ಯಾರದೋ ಹಳೆಯ ಕಾರಿತ್ತು. ಅವಳು ಕೂತಳು. ಮೂರು ಸಲ ಎಂಜಿನ್ ಸತ್ತಿತು. ನಾಲ್ಕನೇ ಸಲ ಕಾರು ಜಿಗಿದಾಗ, ಕಂಬದ ಬುಡದಲ್ಲಿ ಕೂತು ಸ್ಪ್ಯಾನರು ತೊಳೆಯುತ್ತಿದ್ದ ರಾಮಾಂಜಿನಪ್ಪನ ತಮ್ಮ ಸಂಜೀವಪ್ಪ ಬಕೆಟ್ಟು ಬಿಟ್ಟು ಓಡಿದ. ಕಾರು ಕಂಬಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು.

"ಇವರಿಗೆ ಆಟೋಮ್ಯಾಟಿಕ್ಕೇ ಇರ್ಲಿ ಬಿಡಣ್ಣ," ಎಂದ ಸಂಜೀವಪ್ಪ ದೂರದಿಂದಲೇ. "ನಮಗೂ ಒಳ್ಳೇದು."

ಫಹ್ಮಿದಾ ನಗಲಿಲ್ಲ. ಮೂವತ್ತಾರು ವರ್ಷ ವಾರ್ಡಿನಲ್ಲಿ ನಿಂತು ಅವಳ ಎಡ ಮೊಣಕಾಲು ಸವೆದಿತ್ತು. ಕ್ಲಚ್ಚು ಒತ್ತಿದ ನಾಲ್ಕೇ ಸಲಕ್ಕೆ ಅದು ಬಿಸಿಯಾಗಿ ಊದಿಕೊಂಡಿತ್ತು. "ಸಿಕ್ಕಿದ್ರೆ ಅದೇ ತರದ್ದು ಹಾಕಿ," ಎಂದಳು. "ಸಿಗ್ಲಿಲ್ಲ ಅಂದ್ರೆ ಗಾಡಿ ಮಾರ್ತೀನಿ."

ಅವಳ ದನಿಯಲ್ಲಿ ಏನು ಕೇಳಿಸಿತೋ, ರಾಮಾಂಜಿನಪ್ಪ ಮತ್ತೆ ಕ್ಲಚ್ಚಿನ ಮಾತೆತ್ತಲಿಲ್ಲ. ಗುಜರಿಯವರಿಗೆಲ್ಲ ಫೋನ್ ಮಾಡಿ ಕೊನೆಗೆ ಕೊಯಮತ್ತೂರಿನಲ್ಲಿ ಮುರಿಯಲು ಬಂದಿದ್ದ ಅದೇ ಜಾತಿಯ ಗಾಡಿಯೊಂದನ್ನು ಹಿಡಿದ. ಅದರ ಗೇರ್‌ಬಾಕ್ಸು ಲಾರಿಯಲ್ಲಿ ಬಂತು. ಅಣ್ಣತಮ್ಮ ಇಬ್ಬರೂ ಎಂವೈಎಫ್‌ನ ಕೆಳಗೆ ಮಲಗಿ, ಹಳೆಯದನ್ನು ಇಳಿಸಿ ಹೊಸದನ್ನು ಜಾಕಿನಲ್ಲಿ ಎತ್ತಿ ಕೂರಿಸುವಷ್ಟರಲ್ಲಿ ಐದು ಭಾನುವಾರ ಕಳೆದವು. ಆ ಐದು ಭಾನುವಾರ ಅವಳು ಎಲ್ಲಿಗೂ ಹೋಗಲಿಲ್ಲ. ಹತ್ತು ಗಂಟೆಗೆ ಸೀರೆ ಉಟ್ಟು ಮಂಚದ ಮೇಲೆ ಕೂತಿರುತ್ತಿದ್ದಳು, ಹನ್ನೊಂದಕ್ಕೆ ಎದ್ದು ಅಡುಗೆಗೆ ಹೋಗುತ್ತಿದ್ದಳು.

ಗಾಡಿ ಕೈಗೆ ಬಂದ ಮೇಲಿನ ಹತ್ತು ಭಾನುವಾರ ಚೆನ್ನಾಗಿದ್ದವು. ಕಾರು ತೂಗುಸೇತುವೆಯನ್ನು ಗೊಣಗದೆ ಹತ್ತಿತು. ಹೊಸ ಗೇರ್‌ಬಾಕ್ಸಿಗೂ ರಾಮಾಂಜಿನಪ್ಪ ಎಂದಿನಂತೆ ಕೈ ಭಾರ ಮಾಡಿ ಸುರಿದಿದ್ದ. ಇಷ್ಟು ಕಷ್ಟಪಟ್ಟು ತಂದದ್ದು ಕೆಡಬಾರದೆಂದು ಅವಳು ಒಂದು ವಾರವೂ ತಪ್ಪಿಸದೆ ಎರಡೆರಡು ಸಿರಿಂಜ್ ತೆಗೆದಳು.

ಹನ್ನೊಂದನೇ ಭಾನುವಾರ ಟಿನ್ ಫ್ಯಾಕ್ಟರಿಯ ಹತ್ತಿರ ಎಂಜಿನ್ನು ಅರಚಿತು, ಗಾಡಿ ನಿಂತಿತು.

ಫೋನ್ ಮಾಡಿದಾಗ ರಾಮಾಂಜಿನಪ್ಪ ಅಲ್ಲೇ ಇರಿ ಎಂದ. ಬಂದು ಎಣ್ಣೆ ಸುರಿದು ಗಾಡಿಯನ್ನು ಅವಳ ಮನೆವರೆಗೆ ತಾನೇ ಓಡಿಸಿದ. ಇಳಿದು ಕೀ ಕೊಡುವಾಗ ಅವಳ ಮುಖ ನೋಡಲಿಲ್ಲ.

"ಮೂವತ್ತೆರಡು ವರ್ಷ ಆಯ್ತು ಸಿಸ್ಟರಮ್ಮ, ಈ ಕೆಲಸ ಹಿಡಿದು," ಎಂದ. "ಹಳೇದು ಕುಡೀತು, ಸರಿ, ವಯಸ್ಸಾಗಿತ್ತು ಅನ್ನೋಣ. ಬೇರೆ ಊರಿಂದ ತಂದಿದ್ದೂ ಅದೇ ಚಟ ಕಲೀಬೇಕು ಅಂದ್ರೆ ಏನರ್ಥ? ಬರೋ ಭಾನುವಾರ ನಾನೇ ಬರ್ತೀನಿ. ವಾರ ಪೂರ್ತಿ ನಿಂತ ಗಾಡಿ ಕೆಳಗೆ ಏನಾದ್ರೂ ಇಳ್ದಿದ್ಯಾ ನೋಡ್ಬೇಕು. ಅಲ್ಲೀವರ್ಗೂ ಗಾಡಿ ಹೊರಗೆ ತೆಗೀಬೇಡಿ."

ನಾಲ್ಕು ವರ್ಷದಲ್ಲಿ ಅವನು ಅವಳ ಮನೆಗೆ ಬಂದದ್ದು ಅದೇ ಮೊದಲು. ಭಾನುವಾರ ಎಷ್ಟು ಗಂಟೆಗೆ ಬರುತ್ತೇನೆಂದು ಹೇಳಲಿಲ್ಲ. ಏಳೂಕಾಲಿಗೆ ಗೇಟು ಕಿರುಗುಟ್ಟಿದಾಗ ಫಹ್ಮಿದಾ ಎರಡನೇ ಸಿರಿಂಜ್ ಎಳೆಯುತ್ತಿದ್ದಳು.

ಅವನು ಗೇಟಿನ ಹತ್ತಿರವೇ ನಿಂತ.

"ಏನ್ ಮಾಡ್ತಾ ಇದೀರಾ?"

"ಒಂದು ನಿಮಿಷ," ಎಂದಳು. ಸಿರಿಂಜನ್ನು ಬಾಟಲಿಗೆ ಖಾಲಿ ಮಾಡಿ ನಳಿಗೆಯನ್ನು ಬಟ್ಟೆಯಲ್ಲಿ ಒರೆಸಿದಳು. "ಜಾಸ್ತಿ ಇರೋದನ್ನ ತೆಗೀತಿದ್ದೆ. ನೀವು ಪ್ರತಿ ಸಲ ಗೆರೆ ದಾಟಿಸ್ತೀರಾ. ಹೇಳಿದ್ರೆ ಬೇಜಾರಾಗ್ತೀರಾ ಅಂತ ಸುಮ್ಮನಿದ್ದೆ."

"ಎಷ್ಟು ದಿನದಿಂದ?"

"ಅವರು ಹೋದ ಮೇಲಿಂದ. ಪ್ರತಿ ಭಾನುವಾರ ನೋಡ್ತೀನಿ."

ರಾಮಾಂಜಿನಪ್ಪ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತ. ಅವಳು ಒಳಗಿನಿಂದ ಒಂದು ಹಳೆಯ ಡೈರಿ ತಂದು ಕೊಟ್ಟಳು. ಅಸ್ಗರ್ ಮಲಗಿದ್ದಾಗ ಅವನಿಗೆ ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಬರೆದಿಟ್ಟ ಡೈರಿ ಅದು. ಉಳಿದ ಹಾಳೆಗಳಲ್ಲಿ ಕಾರಿನದಿತ್ತು: ತಾರೀಖು, ಎದುರಿಗೆ ನೂರು ಎಂಎಲ್, ನೂರು ಎಂಎಲ್, ನಡುವೆ ಎಲ್ಲೋ ಒಂದೆರಡು ವಾರ ಸೊನ್ನೆ. ಹೊರಗೆ ಬಂದದ್ದು ಮಾತ್ರ. ಒಳಗೆ ಹೋದದ್ದು ಅವನ ಕೈಯಲ್ಲಿತ್ತು. ನಾಲ್ಕು ವರ್ಷ ಇಬ್ಬರೂ ಒಂದೇ ರೋಗಿಯನ್ನು ನೋಡಿಕೊಂಡಿದ್ದರು, ಒಬ್ಬರಿಗೊಬ್ಬರು ಹೇಳಿರಲಿಲ್ಲ.

ಅವನು ಹಾಳೆ ತಿರುವಿ ತಿರುವಿ ನೋಡಿದ. ಒಮ್ಮೆ ನಗಲು ಹೊರಟು ನಿಲ್ಲಿಸಿದ.

"ಎಂಜಿನ್ ಆಫ್ ಮಾಡ್ಕೊಂಡು ನೋಡ್ತೀರಾ?"

"ಆಫ್ ಮಾಡ್ದೆ ಹೇಗೆ ನೋಡೋದು?"

"ಎಂಜಿನ್ ಎಣ್ಣೇನ ಹಾಗೆ ನೋಡ್ತಾರೆ. ಇದು ಬೇರೆ," ಎಂದು ಅವನು ಎದ್ದ. "ಎಂಜಿನ್ ನಿಂತಾಗ ಎಣ್ಣೆಯೆಲ್ಲ ಕೆಳಗಿನ ತಟ್ಟೆಗೆ ಇಳೀತದೆ, ಕಡ್ಡಿ ಜಾಸ್ತಿ ತೋರಿಸ್ತದೆ. ಅದು ಸುಳ್ಳು ಲೆಕ್ಕ. ಎಂಜಿನ್ ಓಡ್ಬೇಕು, ಬಿಸಿ ಆಗ್ಬೇಕು, ಎಣ್ಣೆ ಒಳಗೆಲ್ಲ ತುಂಬ್ಕೋಬೇಕು. ಆಮೇಲೆ ನೋಡ್ಬೇಕು. ಬನ್ನಿ."

ಅವನು ಕಾರು ಸ್ಟಾರ್ಟ್ ಮಾಡಿದ. ಪೋರ್ಟಿಕೋ ಹೊಗೆಯಿಂದ ತುಂಬಿತು. ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆದು ಒರೆಸಿ ಇಳಿಸಿ ಎಳೆದ. ಈ ಸಲ ಅವಳಿಗೆ ಬೆನ್ನು ತೋರಿಸಲಿಲ್ಲ, ಕಡ್ಡಿಯನ್ನು ಅವಳ ಮುಖದ ಮುಂದೆ ಹಿಡಿದ. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿದಳು. ಎಂಜಿನ್ ನಿಂತಾಗ ಮೇಲಿನ ಗೆರೆಯಲ್ಲಿದ್ದ ಎಣ್ಣೆ ಈಗ ಕೆಳಗಿನ ಗೆರೆಯಿಂದಲೂ ಕೆಳಗಿತ್ತು.

"ಹಾಗಾದ್ರೆ ಹಳೇದನ್ನ ಸುಟ್ಟಿದ್ದು ನಾನೇ."

ರಾಮಾಂಜಿನಪ್ಪ ಬಾಟಲಿಯಲ್ಲಿದ್ದ ಎಣ್ಣೆಯನ್ನು ಆಲಿಕೆ ಹಿಡಿದು ವಾಪಸ್ ಸುರಿದ. "ನಾನು ಹೇಳ್ಬೇಕಿತ್ತು," ಎಂದ ಆಮೇಲೆ. "ಕೆಲಸ ಕಲಿಸಿದ ಉಸ್ತಾದ್ ಹೇಳ್ತಿದ್ರು, ಗಿರಾಕಿಗೆ ಕಡ್ಡಿ ತೋರಿಸ್ಬೇಡ, ತೋರಿಸಿದ್ರೆ ನಾಳೆ ಅವನೇ ಮೇಸ್ತ್ರಿ ಆಗ್ತಾನೆ ಅಂತ. ಇಷ್ಟು ವರ್ಷ ಯಾರಿಗೂ ತೋರಿಸ್ಲಿಲ್ಲ."

"ಹಳೇದು ಎಲ್ಲಿದೆ?"

"ಗುಜರಿಗೆ ಹಾಕ್ಬಿಟ್ಟೆ. ಅಲ್ಯುಮಿನಿಯಂ. ಇಷ್ಟೊತ್ತಿಗೆ ಯಾರ ಮನೇಲೋ ಇಡ್ಲಿ ಪಾತ್ರೆ ಆಗಿರ್ತದೆ."

ಹೊಸದರ ಗತಿ ಏನೆಂದು ಅವಳು ಕೇಳಲಿಲ್ಲ, ಅವನೇ ಹೇಳಿದ. ಒಂದೇ ಸಲ ಹಿಡಿತ ತಪ್ಪಿ ಜಾರಿದೆ, ಎಣ್ಣೆಗೆ ಸುಟ್ಟ ವಾಸನೆ ಅಷ್ಟಾಗಿ ಇಲ್ಲ. ತಡೆಯಬಹುದು, ಗ್ಯಾರಂಟಿ ಕೊಡುವುದಿಲ್ಲ. ಚಹಾ ಕುಡಿದು ಹೊರಡುವಾಗ ಸಂಕೋಚದಿಂದ ಒಂದು ಮಾತು ಕೇಳಿದ. "ಯಜಮಾನ್ರು ಇದ್ದಾಗ ಗಾಡಿ ಹಿಂಗೆ ಮಾಡ್ತಿರ್ಲಿಲ್ಲ, ಅಲ್ವಾ? ಅವರಿಗೆ ಗೊತ್ತಿತ್ತು. ಅವರು ಹೇಗೆ ನೋಡ್ತಿದ್ರು ಅಂತ ನೀವು ಒಂದು ದಿನಾನೂ ನೋಡಿಲ್ವಾ?"

"ನೋಡಿದೀನಿ," ಎಂದಳು ಫಹ್ಮಿದಾ. "ಪ್ರತಿ ಭಾನುವಾರ."

ಅದು ಸುಳ್ಳಲ್ಲ. ಆ ವರ್ಷಗಳಲ್ಲಿ ಅವಳಿಗೆ ಶನಿವಾರ ರಾತ್ರಿ ಪಾಳಿ. ಬೆಳಿಗ್ಗೆ ಮನೆಗೆ ಬಂದು ಮಲಗುವ ಹೊತ್ತಿಗೆ ಸರಿಯಾಗಿ ಅಸ್ಗರ್ ಪೋರ್ಟಿಕೋದಲ್ಲಿ ಕಾರು ಸ್ಟಾರ್ಟ್ ಮಾಡುತ್ತಿದ್ದ. ಮನೆಯೆಲ್ಲ ಪೆಟ್ರೋಲ್ ಹೊಗೆ, ತಲೆ ಸಿಡಿಯುವ ಸದ್ದು. ಅವಳು ಅಡುಗೆಮನೆಗೆ ಬಂದು ಅವನಿಗೆ ಕೇಳಿಸಲೆಂದೇ ಕಿಟಕಿಯನ್ನು ದಢಾರನೆ ಮುಚ್ಚುತ್ತಿದ್ದಳು. ಗಾಜಿನ ಆಚೆ ಅವನು ಕಡ್ಡಿಯನ್ನು ಎಳೆದು, ಒರೆಸಿ, ಇಳಿಸಿ, ಎಳೆದು, ಥರ್ಮಾಮೀಟರ್ ಹಿಡಿದಂತೆ ಬೆಳಕಿಗೆ ಹಿಡಿಯುತ್ತಿದ್ದ. ಕಿಟಕಿಯ ಕಡೆ ತಿರುಗಿ ಅವಳಿಗೆ ತೋರಿಸಿ ಏನೋ ಹೇಳುತ್ತಿದ್ದ. ತುಟಿ ಅಲುಗುವುದು ಕಾಣುತ್ತಿತ್ತು. ಅವಳು ಹೋಗಿ ಮಲಗುತ್ತಿದ್ದಳು.

ಆ ಕೈಯನ್ನು ಅವಳು ಅಷ್ಟು ವರ್ಷ ನೋಡಿ ಬಾಯಿಪಾಠ ಮಾಡಿಕೊಂಡಿದ್ದಳು. ಎಂಜಿನ್ನಿನ ಸದ್ದನ್ನು ಮಾತ್ರ ಅದರ ಜೊತೆ ಸೇರಿಸಿಕೊಂಡಿರಲಿಲ್ಲ. ಅದನ್ನು ಕಿಟಕಿಯ ಆಚೆಗೆ ಬಿಟ್ಟಿದ್ದಳು. ಅವನು ಹೋದ ಮೇಲೆ ಸದ್ದಿಲ್ಲದೆ, ಹೊಗೆಯಿಲ್ಲದೆ, ತನಗೆ ಬೇಕಾದ ಹಾಗೆ ಮಾಡಿದಳು. ಒಂದು ದಿನ, ಒಂದೇ ಒಂದು ದಿನ ಬಾಗಿಲು ದಾಟಿ ಆ ನಾಲ್ಕು ಹೆಜ್ಜೆ ಹೋಗಿ ಪಕ್ಕದಲ್ಲಿ ನಿಂತು, ಏನು ಹೇಳುತ್ತಿದ್ದೀರಿ ಎಂದು ಕೇಳಿರಲಿಲ್ಲ.

ಮುಂದಿನ ಭಾನುವಾರ ಏಳಕ್ಕೆ ಅವಳು ಕಾರು ಸ್ಟಾರ್ಟ್ ಮಾಡಿ ಅಡುಗೆಮನೆಯ ಕಿಟಕಿ ತೆರೆದಿಟ್ಟಳು. ಐದು ನಿಮಿಷಕ್ಕೆ ಮೇಲಿನ ಮನೆಯ ಬಾಲ್ಕನಿಯಲ್ಲಿ ಧನುಶ್ರೀ ಕಾಣಿಸಿಕೊಂಡಳು, ಕೆದರಿದ ಕೂದಲು, ಕೈಯಲ್ಲಿ ಫೋನು. ಆಫೀಸಿಗೆ ಹೋಗಿಬರುವ ಹುಡುಗಿ. ಒಂದು ವರ್ಷದಿಂದ ಅಲ್ಲಿದ್ದರೂ ಇಬ್ಬರೂ ಮಾತಾಡಿದ್ದು ನೀರಿನ ಮೋಟಾರಿನ ವಿಷಯ ಮಾತ್ರ.

"ಆಂಟಿ, ಪ್ಲೀಸ್. ಸಂಡೇ ಒಂದಿನಾನೇ ನಾನು ಮಲಗೋದು."

"ಗೊತ್ತಮ್ಮ. ನನಗೂ ಹಾಗೇ ಆಗ್ತಿತ್ತು," ಎಂದಳು ಫಹ್ಮಿದಾ. "ಇನ್ನು ಐದು ನಿಮಿಷ."

ಧನುಶ್ರೀ ಬಾಲ್ಕನಿಯ ಬಾಗಿಲನ್ನು ಕೇಳಿಸುವಂತೆ ಮುಚ್ಚಿಕೊಂಡಳು.

ಕಡ್ಡಿಯಲ್ಲಿ ಎಣ್ಣೆ ಎರಡು ಗೆರೆಗಳ ನಡುವೆ, ಇರಬೇಕಾದಲ್ಲಿತ್ತು. ತೆಗೆಯಲು ಏನೂ ಇರಲಿಲ್ಲ, ಹಾಕಲೂ ಇರಲಿಲ್ಲ. ಅವಳು ನಳಿಗೆಗಳ ಡಬ್ಬವನ್ನು ಮುಚ್ಚಿ ಬಚ್ಚಲುಮನೆಯ ಅಟ್ಟಕ್ಕೆ ಸೇರಿಸಿದಳು. ಗಂಟೆ ಇನ್ನೂ ಏಳೂಕಾಲು. ಹತ್ತರವರೆಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಎಂಟಕ್ಕೇ ಹೊರಟಳು.

ಖಬರಸ್ತಾನದ ಗೋಡೆಗೆ ಕಾರು ಒತ್ತಿ ನಿಲ್ಲಿಸಿ ಕೋಲನ್ನು 'ಪಿ'ಗೆ ತಂದಳು. ಕೀ ಮೇಲೆ ಕೈಯಿಟ್ಟವಳು ತಿರುಗಿಸಲಿಲ್ಲ. ಎಡಗಡೆಯ ಗಾಜನ್ನು ಪೂರ್ತಿ ಇಳಿಸಿದಳು. ಎಂಜಿನ್ನಿನ ಸದ್ದು ಗೋಡೆಗೆ ಬಡಿದು ಕಿಂಡಿಯಲ್ಲಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಖಬರಸ್ತಾನ ನೋಡಿಕೊಳ್ಳುವ ಮುನಾವರ್ ನೀರಿನ ಕ್ಯಾನು ಹಿಡಿದು ಗೇಟಿನಿಂದ ಹೊರಗೆ ಬಂದ.

"ಆಪಾ, ಗಾಡಿ ಚಾಲೂ ಇದೆ."

"ಗೊತ್ತು."

"ಪೆಟ್ರೋಲ್ ಸುಮ್ನೆ ಉರೀತಿದೆ."

"ಉರೀಲಿ ಬಿಡಿ."

ಅವನು ಒಂದು ಗಳಿಗೆ ನಿಂತು, ದೊಡ್ಡವರ ಉಸಾಬರಿ ತನಗೇಕೆಂದು ಒಳಗೆ ಹೋದ. ಫಹ್ಮಿದಾ ಕೂತಿದ್ದಳು. ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದದ್ದು ಬಾಯಿಗೆ ಬರಲಿಲ್ಲ. ನಿಂತಲ್ಲೇ ಎಂಜಿನ್ ಓಡಿದರೆ ಈ ಹಳೆಯ ಗಾಡಿಗಳು ಕಾದುಹೋಗುತ್ತವೆ. ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಕೆಂಪಿನ ಹತ್ತಿರ ಬಂತು. ಅವಳು ಕೀ ತಿರುಗಿಸಿದಳು. ಸದ್ದು ನಿಂತ ಮೇಲೆ ಕಾದ ಕಬ್ಬಿಣ ಬಹಳ ಹೊತ್ತು ಟಿಕ್ ಟಿಕ್ ಎಂದು ಆರುತ್ತಿತ್ತು. ಅದು ಪೂರ್ತಿ ನಿಲ್ಲುವವರೆಗೆ ಕೂತಿದ್ದಳು.

ಆಮೇಲೆ ಸ್ಟಾರ್ಟ್ ಮಾಡಿ ಕೋಲನ್ನು 'ಡಿ'ಗೆ ಎಳೆದು ಉಸಿರು ಹಿಡಿದು ಕಾದಳು. ಒಂದು ಸಣ್ಣ ಎಳೆತ ಬೆನ್ನಿಗೆ ತಗುಲಿತು. ಗಾಡಿ ಮುಂದಕ್ಕೆ ಹೊರಟಿತು.